ಮೊದಲು ಬಂದ ಮೇಲಿನ ಹಲ್ಲು

೧೯೬೮ರ ಫೆಬ್ರವರಿ ೧೧, ಭಾನುವಾರ. ನನ್ನ ಹಳೆಯ ದಿನಚರಿಯ ಆ ಪುಟದಲ್ಲಿ ಎರಡೇ ಸಾಲುಗಳಿವೆ. ‘ಕಪಿಲೆಯ ಮೇಲೆ ಮಂಜು. ಅಮ್ಮ ಸೆರಗಿನಿಂದ ಮಗುವಿನ ಬಾಯಿ ಮುಚ್ಚಿಕೊಂಡೇ ಹರಿಗೋಲು ಹತ್ತಿದರು.’

ಉಳಿದದ್ದನ್ನು ಬರೆಯಲು ಆ ದಿನ ಪುರಸೊತ್ತಿರಲಿಲ್ಲ. ಈಗ ಬರೆಯುತ್ತೇನೆ.

ಮಗು ನನ್ನದು. ಹೆಸರು ವಾರಿಜ. ಎಂಟು ತಿಂಗಳ ಕೂಸು. ಅವಳಿಗೆ ಮೊದಲ ಹಲ್ಲು ಮೂಡಿತ್ತು. ಎಲ್ಲ ಮಕ್ಕಳಿಗೆ ಮೂಡುವಂತೆ ಕೆಳಗಲ್ಲ, ಮೇಲೆ.

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ವಾರಿಜಳಿಗೆ ಇದ್ದವನು ಒಬ್ಬನೇ ಸೋದರಮಾವ, ನನ್ನ ತಮ್ಮ ಶ್ರೀಕಂಠ. ಅಮ್ಮನಿಗೂ ಅವನೊಬ್ಬನೇ ಮಗ.

ಆ ಹಲ್ಲನ್ನು ಕೀಳಿಸಬೇಕು, ಅದೂ ಸೋದರಮಾವನ ಕಣ್ಣಿಗೆ ಬೀಳುವ ಮೊದಲೇ ಕೀಳಿಸಬೇಕು ಎಂದು ಅಮ್ಮ ನಿಶ್ಚಯಿಸಿದ್ದರು. ಕೂಡದು ಎಂದೆ ನಾನು. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು ನಾನು.

“ನೀನು ಓದಿದ್ದು ಕಪ್ಪೆ,” ಎಂದರು ಅಮ್ಮ.

ಸುತ್ತಲ ಹಳ್ಳಿಗಳಿಗೆಲ್ಲ ಹಲ್ಲು ನೋಡುವವರು ಒಬ್ಬರೇ, ಹೊಳೆಯಾಚೆಯ ಆಶ್ರಮದ ಅಪ್ರಮೇಯ ಗುರುಗಳು. ಒಂದು ಕಾಲಕ್ಕೆ ಅವರು ಪಟ್ಟಣದಲ್ಲಿ ದಂತವೈದ್ಯಕೀಯ ಕಲಿಸುವ ಮೇಷ್ಟರಾಗಿದ್ದವರು. ಎಲ್ಲ ಬಿಟ್ಟು ದಂಡೆಯ ಮೇಲೆ ಗುಡಿಸಲು ಹಾಕಿಕೊಂಡಿದ್ದರು. ಅವರಿಗಿದ್ದವನು ಒಬ್ಬನೇ ಶಿಷ್ಯ. ಅವನೇ ಶ್ರೀಕಂಠ.

ಹೀಗೆ, ಸೋದರಮಾವ ನೋಡಬಾರದ ಹಲ್ಲನ್ನು ಅಮ್ಮ ಸೋದರಮಾವ ಇದ್ದಲ್ಲಿಗೇ ಹೊತ್ತು ತಂದರು. ಗುರುಗಳ ಬಾಯಿಂದಲೇ ‘ಬೇಡ’ ಅನ್ನಿಸೋಣವೆಂದು ನಾನೂ ಹೊರಟೆ.

ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಮಂಜಿನಲ್ಲಿ ಅವರ ಮೊಣಕಾಲಿನಿಂದ ಕೆಳಗೆ ಏನೂ ಕಾಣುತ್ತಿರಲಿಲ್ಲ.

ಶ್ರೀಕಂಠ ಇಳಿದು ಬಂದು ಮಗುವಿಗೆ ಕೈಚಾಚಿದ. ಅಮ್ಮ ಬೆನ್ನು ತಿರುಗಿಸಿ ನಿಂತರು.

“ಮುಖ ತೋರಿಸಮ್ಮ.”

“ಆಮೇಲೆ.”

“ನೆಗಡಿಯೇನು ಅದಕ್ಕೆ?”

“ಹ್ಞೂಂ. ನೆಗಡಿ.”

ವಾರಿಜ ಸೆರಗು ಜಗ್ಗಿ, ಮಾವನನ್ನು ನೋಡಿ ಬಾಯಿತುಂಬ ನಕ್ಕಳು. ಮೇಲಿನ ಒಸಡಿನಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳುಪು.

ಅಮ್ಮ ಇದ್ದಲ್ಲೇ ಕುಸಿದು ಕೂತರು. “ಮುಗೀತು,” ಎಂದರು.

“ಏನು ಮುಗೀತು ತಾಯಿ? ಈಗ ತಾನೇ ಒಂದು ಬಂದಿದೆ,” ಎಂದರು ಗುರುಗಳು.

ಅಮ್ಮ ವಿಷಯ ಹೇಳಿದರು. ಗುರುಗಳು ಕೊನೆಯವರೆಗೂ ಕೇಳಿದರು.

“ಈ ಹಲ್ಲಿನಿಂದ ಮಗುವಿಗೆ ತೊಂದರೆಯೇ?”

“ಮಗುವಿಗಲ್ಲ. ಇವನಿಗೆ.”

“ಹಾಗಾದರೆ ಇವನ ಹಲ್ಲು ಕೀಳೋಣ.”

ಶ್ರೀಕಂಠ ನಕ್ಕ. ಅಮ್ಮ ನಗಲಿಲ್ಲ.

“ನೀವು ಸನ್ಯಾಸಿಗಳು, ನಿಮಗೆ ತಮಾಷೆ. ನನಗೆ ಇರೋನು ಒಬ್ಬ.”

ಗುರುಗಳು ಅಮ್ಮನ ಮುಖ ನೋಡಿದರು. ಮತ್ತೆ ತಮಾಷೆ ಮಾಡಲಿಲ್ಲ. “ಒಳಗೆ ಬನ್ನಿ,” ಎಂದು ಎದ್ದರು.

ಗುಡಿಸಲಿನ ಕಿಟಕಿಯ ಹತ್ತಿರ ಹಿತ್ತಾಳೆಯ ಸೂಕ್ಷ್ಮದರ್ಶಕವಿತ್ತು. ಗುರುಗಳು ಗಾಜಿನ ತುಂಡೊಂದನ್ನು ಅದರ ಕೆಳಗಿಟ್ಟರು. ಅದರಲ್ಲಿ ಈರುಳ್ಳಿಯ ಪೊರೆಗಿಂತ ತೆಳುವಾದದ್ದೇನೋ ಅಂಟಿಕೊಂಡಿತ್ತು. ಹುಟ್ಟದೇ ಹೋದ ಕುರಿಮರಿಯೊಂದರ ದವಡೆ ಅದು ಎಂದರು.

“ನೋಡು ಶ್ರೀಕಂಠ. ಏನು ಕಾಣುತ್ತದೆ?”

“ಸಂಜೆಯ ಆಕಾಶದ ಬಣ್ಣ. ಅದರಲ್ಲಿ ಗುಡಿಯ ಗಂಟೆಯಂಥದೊಂದು ತೇಲುತ್ತಿದೆ.”

“ಅದು ಹಲ್ಲು.”

“ಇದರಲ್ಲಿ ಗಟ್ಟಿಯಾದದ್ದು ಏನೂ ಇಲ್ಲವಲ್ಲ, ಗುರುಗಳೇ.”

“ಇನ್ನೂ ಇಲ್ಲ.”

ಅವರು ಕಣ್ಣು ಮುಚ್ಚಿ ಹೇಳತೊಡಗಿದರು. ಹೊಳೆಯ ಸದ್ದು ಅವರ ಮಾತಿನ ಕೆಳಗೇ ಹರಿಯುತ್ತಿತ್ತು.

“ಹೊಟ್ಟೆಯಲ್ಲಿ ಕೂಸಿನ ಬೆರಳುಗಳು ಬಿಡಿಬಿಡಿಯಾಗುವ ಹೊತ್ತಿಗೆ, ಬಾಯಿಯ ಒಳತೊಗಲು ಅಲ್ಲಲ್ಲಿ ಒಳಕ್ಕೆ ಇಳಿಯುತ್ತದೆ. ಯಾರೂ ಕರೆದಿರುವುದಿಲ್ಲ. ಇಳಿದು ಮೊದಲು ಮೊಗ್ಗಾಗುತ್ತದೆ. ಆಮೇಲೆ ಟೋಪಿಯಾಗುತ್ತದೆ. ಆಮೇಲೆ ನೀನು ನೋಡಿದ ಗಂಟೆ.”

“ಗಂಟೆಯೊಳಗೆ?”

“ಎದುರುಬದುರು ನಿಂತ ಎರಡು ಸಾಲು ಕೆಲಸಗಾರರು. ಒಂದೊಂದು ಪದರ ಹಾಸುತ್ತಾರೆ, ಒಂದೊಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ. ಒಂದು ಸಾಲು ಒಳಕ್ಕೆ, ಒಂದು ಸಾಲು ಹೊರಕ್ಕೆ. ಅವರ ನಡುವೆ ಉಳಿದದ್ದೇ ಹಲ್ಲು.”

ಶ್ರೀಕಂಠ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. “ಕೆಲಸ ಮುಗಿದ ಮೇಲೆ ಅವರೆಲ್ಲ ಏನಾಗುತ್ತಾರೆ?”

“ಒಳಗಿನವರು ಹಲ್ಲಿರುವ ತನಕ ಒಳಗೇ ಇರುತ್ತಾರೆ. ತಮ್ಮ ಮನೆಯನ್ನೇ ವರ್ಷವರ್ಷಕ್ಕೂ ಕಿರಿದು ಮಾಡಿಕೊಳ್ಳುತ್ತ ಕೂರುತ್ತಾರೆ. ಹೊರಗಿನವರು ಹಲ್ಲಿಗೆ ಹೊಳಪಿನ ಕವಚ ತೊಡಿಸುತ್ತಾರೆ. ಹಲ್ಲು ಬಾಯಿಗೆ ಬಂದಾಗ ಉದುರಿ ಹೋಗುತ್ತಾರೆ.”

“ಮತ್ತೆ ಹುಟ್ಟುವುದಿಲ್ಲವೇ?”

“ಇಲ್ಲ. ಮೈಯಲ್ಲಿ ಆ ಕವಚಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಅದನ್ನು ಮಾಡಿದವರು ಒಬ್ಬರೂ ಉಳಿದಿರುವುದಿಲ್ಲ.”

ಆಮೇಲೆ ಇನ್ನೊಂದು ಗಾಜು ಇಟ್ಟು ನನ್ನನ್ನು ಕರೆದರು. ಉದುರಿದ ಹಾಲುಹಲ್ಲೊಂದರ ಸೀಳು ಅದು. ಜೇನಿನ ಬಣ್ಣದ ನಡುವೆ ಒಂದು ಸಣ್ಣ ಕಪ್ಪು ಗೆರೆ.

“ಈ ಗೆರೆ ಏನು?” ಎಂದೆ.

“ಆ ಮಗು ಹುಟ್ಟಿದ ದಿನ. ಗೆರೆಯಿಂದ ಈಚೆ ಇರುವುದು ತಾಯಿಯ ಹೊಟ್ಟೆಯ ಕತ್ತಲೆಯಲ್ಲಿ ಆದದ್ದು. ಆಚೆಯದು ಬೆಳಕು ಕಂಡ ಮೇಲೆ.”

ನಾನು ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಕಾಲೇಜಿನಲ್ಲಿ ಯಾರೂ ಇದನ್ನು ತೋರಿಸಿರಲಿಲ್ಲ. ಸೊಂಟದ ಮೇಲೆ ವಾರಿಜ ನಿದ್ದೆ ಹೋಗಿದ್ದಳು. ಅವಳ ಬಾಯಲ್ಲಿಯೂ ಅಂಥದೊಂದು ಗೆರೆ ಇದೆ, ನಾನು ನೋವು ತಿಂದ ಆ ಬೆಳಗಿನ ಜಾವ ಅಲ್ಲಿದೆ ಎಂದುಕೊಂಡೆ.

ಅಮ್ಮನೂ ಬಂದು ಬಗ್ಗಿದರು. “ಏನೂ ಕಾಣಲ್ಲ.”

“ಎರಡೂ ಕಣ್ಣು ಮುಚ್ಚಿದ್ದೀರಿ, ತಾಯಿ.”

ಅಮ್ಮ ಒಂದು ಕಣ್ಣು ತೆರೆದರು. ನೋಡಿದರು. ಸೆರಗು ಸರಿಪಡಿಸಿಕೊಂಡು ಹಿಂದೆ ಸರಿದರು. “ಚೆನ್ನಾಗಿದೆ. ಕೀಳ್ತೀರೋ ಇಲ್ಲವೋ?”

ಗುರುಗಳು ಶಿಷ್ಯನ ಕಡೆ ತಿರುಗಿದರು. “ನೀನು ಹೇಳು. ಆ ಕೂಸಿನ ಹಾಲುಹಲ್ಲಿನ ಹಿಂದೆ ಏನಿದೆ?”

“ದೊಡ್ಡ ಹಲ್ಲಿನ ಗಂಟೆ. ಹಾಲುಹಲ್ಲಿನ ಪಕ್ಕದಿಂದಲೇ ಟಿಸಿಲೊಡೆದದ್ದು.”

“ಅಲ್ಲಿ ಈಗ ಏನು ನಡೆಯುತ್ತಿದೆ?”

“ಹೊರಗಿನ ಸಾಲಿನವರು ಈಗಷ್ಟೇ ಕೆಲಸ ಹಿಡಿದಿದ್ದಾರೆ.”

“ಅವರಿಗೂ ನಿನ್ನ ಇಕ್ಕಳಕ್ಕೂ ನಡುವೆ?”

“ಉಗುರಿನಷ್ಟು ತೆಳು ಗೋಡೆ.” ಶ್ರೀಕಂಠ ತಡೆದು ಕೇಳಿದ. “ಕೈ ಜಾರದಿದ್ದರೆ, ಗುರುಗಳೇ?”

“ಆ ಮಾತು ಕೇಳುವವನ ಕೈ ಆಗಲೇ ಜಾರಿದೆ.”

ಅಲ್ಲಿಗೆ ಮಾತು ಮುಗಿಯಿತೆಂದು ನಾನು ತಿಳಿದೆ. ಆ ರಾತ್ರಿ ಆಶ್ರಮದಲ್ಲೇ ಉಳಿದೆವು.

ಮರುದಿನ ಬೆಳಿಗ್ಗೆ ಗುರುಗಳು ದವಡೆ ಊದಿದ ಒಬ್ಬ ಮೀನುಗಾರನನ್ನು ನೋಡಲು ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋದರು. ನಾನು ಸ್ನಾನಕ್ಕೆಂದು ಕೆಳಗಿನ ಮೆಟ್ಟಿಲಿಗೆ ಇಳಿದೆ. ಮಗು ಅಮ್ಮನ ಹತ್ತಿರ ಇತ್ತು. ಆಗ ಗುಡಿಸಲಿನ ಮುಂದೆ ಆದ ಮಾತುಗಳನ್ನು ಆಮೇಲೆ ಶ್ರೀಕಂಠನೇ ನನಗೆ ಹೇಳಿದ.

“ಕಂಠಿ, ನಿನಗೂ ಮೇಲಿನದೇ ಮೊದಲು ಬಂದದ್ದು,” ಎಂದರಂತೆ ಅಮ್ಮ.

“ನನಗೆ ಗೊತ್ತೇ ಇರಲಿಲ್ಲ.”

“ಯಾರಿಗೂ ಹೇಳಿಲ್ಲ. ನಿನ್ನ ಸೋದರಮಾವನಿಗೆ ಗೊತ್ತಿತ್ತು. ನಿನ್ನನ್ನ ತೊಡೆ ಮೇಲೆ ಕೂರಿಸಿಕೊಂಡು, ಆ ಹಲ್ಲಿನ ಮೇಲೆ ಬೆರಳಾಡಿಸಿ, ‘ನೋಡೇ, ಯಮನ ಹಲ್ಲು’ ಅಂತ ನಕ್ಕ. ಆ ಆಷಾಢದಲ್ಲಿ ಇದೇ ಹೊಳೆ ಅವನನ್ನ ಕರಕೊಂಡಿತು.”

“ಹೊಳೆಗೆ ನನ್ನ ಹಲ್ಲು ಗೊತ್ತಿತ್ತೇನಮ್ಮ?”

“ಗೊತ್ತಿಲ್ಲ. ನೀನು ಕೂಸಾಗಿದ್ದಾಗಿನಿಂದ ಯೋಚಿಸ್ತಿದ್ದೀನಿ, ನನಗೆ ಗೊತ್ತಾಗಿಲ್ಲ. ನಿನ್ನ ಮುಖ ನೋಡಿದಾಗಲೆಲ್ಲ ಅಣ್ಣನ ನೆನಪು. ಅಣ್ಣನ ನೆನಪಾದಾಗಲೆಲ್ಲ ನಿನ್ನ ಹಲ್ಲು. ಆಗ ಸುಮ್ಮನಿದ್ದೆ. ಈಗಲೂ ಸುಮ್ಮನಿರು ಅಂತೀಯಾ?”

ಶ್ರೀಕಂಠ ಮಗುವಿನ ಬಾಯಿಯ ಕಡೆ ನೋಡಿದ.

“ನನಗೆ ನಿದ್ದೆ ಇಲ್ಲ ಕಂಠಿ. ಒಂದು ಹಾಲುಹಲ್ಲು. ಹೇಗಿದ್ದರೂ ಬಿದ್ದು ಹೋಗೋದು.”

ಅವನು ಒಳಗೆ ಹೋಗಿ, ಇಕ್ಕಳವನ್ನು ಕುದಿಯುವ ನೀರಿನಲ್ಲಿ ಅದ್ದಿ ತಂದ.

ಮಗುವಿನ ಕೂಗು ನೀರಿನ ಮೇಲೆ ಹಾಯ್ದು ನನ್ನ ಕಿವಿಗೆ ಬಿತ್ತು. ಒದ್ದೆ ಸೀರೆಯಲ್ಲೇ ಮೆಟ್ಟಿಲು ಹತ್ತಿದೆ. ವಾರಿಜಳ ತುಟಿಯ ಮೇಲೆ ಒಂದು ಹನಿ ರಕ್ತ. ಅಮ್ಮ ಅವಳನ್ನು ತೂಗುತ್ತಿದ್ದರು. ಶ್ರೀಕಂಠ ಮುಷ್ಟಿ ಬಿಗಿಹಿಡಿದು ನಿಂತಿದ್ದ.

ನಾನು ಮಗುವನ್ನು ಕಿತ್ತುಕೊಂಡೆ. 

ಅಮ್ಮ ಗೋಡೆಗೆ ಒರಗಿದರು. ಬಿಸಿಲೇರುವ ಹೊತ್ತಿನಲ್ಲಿ ಹಾಗೇ ನಿದ್ದೆ ಹೋದರು. ಬಾಯಿ ತೆರೆದುಕೊಂಡು, ಕೂಸಿನ ಹಾಗೆ.

ಗುರುಗಳು ಸಂಜೆಗೆ ಬಂದರು. ಮಗುವಿನ ಮುಖ ನೋಡಿದರು, ಶಿಷ್ಯನ ಮುಖ ನೋಡಿದರು. ಕಾಲು ತೊಳೆದು ಮೆಟ್ಟಿಲ ಮೇಲೆ ಕೂತರು.

“ಹಲ್ಲೆಲ್ಲಿ?”

ಶ್ರೀಕಂಠ ಮುಷ್ಟಿ ಬಿಚ್ಚಿದ. ಗುರುಗಳು ಅದನ್ನು ತಮ್ಮ ಅಂಗೈಗೆ ಹಾಕಿಕೊಂಡು ತಿರುವಿದರು.

“ಇದರ ಬೇರೆಲ್ಲಿ?”

“ಇನ್ನೂ ಬೆಳೆದಿರಲಿಲ್ಲ.”

“ಬೇರಿಲ್ಲದ್ದು ಹೇಗೆ ನಿಂತಿತ್ತು?”

“ಎಳೆಗಳಲ್ಲಿ ತೂಗಿಕೊಂಡಿತ್ತು, ಗುರುಗಳೇ. ತೊಟ್ಟಿಲಿನ ಹಾಗೆ.”

“ಕೀಳುವಾಗ ಕೈಗೆ ಏನನ್ನಿಸಿತು?”

“ಏನೂ ಅನ್ನಿಸಲಿಲ್ಲ. ಹೂ ಬಿಡಿಸಿದ ಹಾಗೆ ಬಂತು.”

“ಅದಕ್ಕೇ ಬೇಡ ಅಂದದ್ದು.”

ನೀರು ಮೆಲ್ಲಗೆ ಬಣ್ಣ ಬದಲಿಸುತ್ತಿತ್ತು. ಶ್ರೀಕಂಠ ಕೇಳಿದ, “ಹಿಂದಿನ ಹಲ್ಲಿಗೆ ಪೆಟ್ಟಾಗಿದೆಯೇ?”

“ಗೊತ್ತಿಲ್ಲ.”

“ಯಾವಾಗ ಗೊತ್ತಾಗುತ್ತದೆ?”

“ಅದು ಬಾಯಿಗೆ ಬಂದಾಗ.”

“ಅದಕ್ಕೆ ಆರೇಳು ವರ್ಷ ಬೇಕು.”

“ಬೇಕು.”

“ಅಲ್ಲಿಯವರೆಗೆ ನಾನೇನು ಮಾಡಲಿ?”

“ಏನು ಮಾಡಬೇಕೆಂದಿದ್ದೆ?”

“ಯುಗಾದಿ ಕಳೆದ ಮೇಲೆ ಊರಿಗೆ ಹೋಗಿ ನನ್ನದೇ ದವಾಖಾನೆ ತೆರೆಯಬೇಕೆಂದಿದ್ದೆ.”

“ತೆರೆ. ಯಾರು ಬೇಡ ಅಂದರು?”

ಯುಗಾದಿ ಬಂತು, ಹೋಯಿತು. ಶ್ರೀಕಂಠ ಹೋಗಲಿಲ್ಲ. ಹೊಳೆ ದಾಟಿ ಬಂದವರ ಬಾಯಿ ನೋಡುತ್ತ, ಅಲ್ಲೇ ಉಳಿದ.

ಮುಂಗಾರಿಗೆ ಮುಂಚೆ ಪ್ರತಿ ವರ್ಷ ನಾನು ವಾರಿಜಳನ್ನು ಕರೆದೊಯ್ಯುತ್ತಿದ್ದೆ. ಅವಳು ನಡೆದಳು, ಓಡಿದಳು, ಶಾಲೆಗೆ ಸೇರಿದಳು. ಉಳಿದ ಹಾಲುಹಲ್ಲುಗಳೆಲ್ಲ ಸಾಲಾಗಿ ಬಂದವು. ಮುಂದಿನ ಆ ಒಂದು ಜಾಗ ಮಾತ್ರ ಖಾಲಿ. ಓರಗೆಯ ಮಕ್ಕಳು ‘ಬೊಚ್ಚಿ’ ಎಂದು ಕರೆಯುತ್ತಿದ್ದರು. ಅವಳು ಆ ಸಂದಿನಿಂದಲೇ ಅವರಿಗೆ ನೀರು ಚಿಮ್ಮಿಸುತ್ತಿದ್ದಳು.

ಅಮ್ಮನೂ ಜೊತೆಗೆ ಬರುತ್ತಿದ್ದರು. ಅವರು ಕೊಂಚ ದಪ್ಪಗಾಗಿದ್ದರು. ಮಾತಿನಲ್ಲಿ ಹಾಡು ಸೇರಿತ್ತು.

“ನೋಡಿದಿರಾ ಗುರುಗಳೇ, ನನ್ನ ಮಗನಿಗೆ ಒಂದು ಕೆಮ್ಮೂ ಇಲ್ಲ.”

“ನೋಡಿದೆ ತಾಯಿ.”

“ನೀವು ಬೇಡ ಅಂದಿದ್ದಿರಿ.”

“ಅಂದಿದ್ದೆ.”

ಅಮ್ಮ ಅತ್ತ ಹೋದ ಮೇಲೆ ಒಮ್ಮೆ ಶ್ರೀಕಂಠ ತಡೆಯಲಾರದೆ ಕೇಳಿದ, “ಅಮ್ಮನ ನಂಬಿಕೆ ಸುಳ್ಳು ಅಂತ ಹೇಗೆ ತೋರಿಸಲಿ?”

“ತೋರಿಸಲಾರೆ. ನೀನು ಬದುಕಿರುವ ತನಕ ಅದು ನಿಜ.”

“ನಾನು ಸತ್ತರೆ?”

“ಇನ್ನೂ ನಿಜ.”

ಶ್ರೀಕಂಠನಿಗೆ ನಗು ಬಂತು. 

ಅಮ್ಮ ೧೯೭೪ರ ದೀಪಾವಳಿ ಕಳೆದ ವಾರ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮುಖದಲ್ಲಿ ಆಯಾಸದ ಒಂದು ಗೆರೆಯೂ ಇರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ವಾರಿಜಳ ಒಸಡು ಬಿರಿಯಿತು. ದೊಡ್ಡ ಹಲ್ಲು ಬಂತು, ಹೊಸ ಹಲ್ಲಿಗೆ ಇರುವ ಗರಗಸದಂಥ ಅಂಚಿನೊಂದಿಗೆ. ಪಕ್ಕದ್ದು ಹಾಲಿನಷ್ಟು ಬೆಳ್ಳಗೆ. ಇದರ ಮೈ ಮೇಲೆ ಒಂದು ಕಡೆ ಕಂದು ಕುಳಿ. ನಾನು ಕನ್ನಡಕ ಹಾಕಿಕೊಂಡು ನೋಡಿದೆ, ದಿನಚರಿಯಲ್ಲಿ ತಾರೀಕು ಬರೆದೆ, ಹರಿಗೋಲು ಹತ್ತಿದೆ.

ಅಷ್ಟು ಹೊತ್ತಿಗೆ ಗುರುಗಳ ಕಣ್ಣು ಮಂಜಾಗಿತ್ತು. ವಾರಿಜಳನ್ನು ಎದುರಿಗೆ ಕೂರಿಸಿಕೊಂಡು ಆ ಹಲ್ಲಿನ ಮೇಲೆ ಉಗುರಿನ ತುದಿ ಆಡಿಸಿದರು. ಉಗುರು ಒಂದು ಕಡೆ ತಡೆಯಿತು.

“ನಿಮಗೇ ಇರೋದು ಮೂರು ಹಲ್ಲು. ನನ್ನದೇನು ನೋಡ್ತೀರಿ ಅಜ್ಜ?” ಎಂದಳು ವಾರಿಜ.

“ಹೊಟ್ಟೆಕಿಚ್ಚು, ಮಗು. ಇಲ್ಲಿ ನೋವಾಗುತ್ತಾ?”

“ನೋವಿಲ್ಲ. ತಣ್ಣೀರು ತಾಕಿದರೆ ಜುಮ್ಮನ್ನುತ್ತೆ.”

“ಹಾಗಾದರೆ ನೀರು ಹೇಗೆ ಕುಡೀತೀಯ?”

ಅವಳು ಮೆಟ್ಟಿಲಿಳಿದು ಬೊಗಸೆಯಲ್ಲಿ ನೀರು ತಂದಳು. ಮೇಲ್ತುಟಿಯನ್ನು ಒಳಕ್ಕೆ ಮಡಚಿ ಆ ಹಲ್ಲನ್ನು ಮುಚ್ಚಿ, ತಲೆ ವಾಲಿಸಿ ಕುಡಿದು ತೋರಿಸಿದಳು.

“ಹೀಗೆ. ಮೊದಮೊದಲು ಗಲ್ಲಕ್ಕೆಲ್ಲ ಚೆಲ್ಲುತ್ತಿತ್ತು. ಈಗ ಕಲಿತುಬಿಟ್ಟೆ.”

ಅಲ್ಲಿಂದ ಅವಳು ಹರಿಗೋಲು ಕಟ್ಟಿದ್ದ ಕಡೆಗೆ ಓಡಿದಳು.

ಶ್ರೀಕಂಠ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ. ಕೂದಲಲ್ಲಿ ಆಗಲೇ ಬಿಳಿ ಎಳೆಗಳಿದ್ದವು.

“ಇದನ್ನು ಸರಿಮಾಡಬಹುದೇ, ಗುರುಗಳೇ?”

“ಮುಚ್ಚಬಹುದು. ಸಿಮೆಂಟು ತುಂಬು. ಉದುರಿದರೆ ಮತ್ತೆ ತುಂಬು.”

“ನಾನು ಕೇಳಿದ್ದು ಸರಿಮಾಡುವುದು.”

“ನನಗೆ ಕೇಳಿಸಿತು.”

ಹೊಳೆಯ ಮೇಲೆ ಮಧ್ಯಾಹ್ನದ ಬೆಳಕು ನಿಂತಿತ್ತು. ದೂರದಲ್ಲಿ ವಾರಿಜ ಅಂಬಿಗನ ಹತ್ತಿರ ಏನೋ ವಾದ ಮಾಡುತ್ತಿದ್ದಳು.

“ಆದರೂ ಅಮ್ಮ ನೆಮ್ಮದಿಯಿಂದ ಹೋದರು,” ಎಂದ ಶ್ರೀಕಂಠ. “ಅದನ್ನಂತೂ ನಾನು ಕೊಟ್ಟೆ. ಅದಕ್ಕೆ ಬೆಲೆ ಇಲ್ಲವೇ?”

“ಇದೆ,” ಎಂದರು ಗುರುಗಳು. “ಒಂದು ಹಲ್ಲಿನ ಮೇಲೆ ರಾಗಿಕಾಳಿನಷ್ಟು ಜಾಗ. ತಣ್ಣೀರು ಕುಡಿಯುವಾಗಲೆಲ್ಲ ಒಮ್ಮೆ ತುಟಿ ಮಡಚುವುದು, ಆ ಹಲ್ಲಿರುವ ತನಕ. ಒಟ್ಟು ಖರ್ಚು ಅಷ್ಟೇ. ನಿನ್ನ ತಾಯಿಗೆ ನೆಮ್ಮದಿ ಕೊಟ್ಟವಳು ಆ ಮಗು, ಶ್ರೀಕಂಠ. ನೀನು ಇಕ್ಕಳ ಹಿಡಿದಿದ್ದೆ.”